ಸೊಟ್ಟ ಕೈಯ ಯೋಗದ ಮೇಷ್ಟ್ರು

ಮೇಷ್ಟ್ರ ಎಡಗೈ ಮೊಣಕೈಯ ಹತ್ತಿರ ಸೊಟ್ಟಗಿತ್ತು. ಎರಡೂ ಕೈ ತಲೆಯ ಮೇಲಕ್ಕೆ ಎತ್ತಿದರೆ ಬಲಗೈ ನೆಟ್ಟಗೆ ಸೂರಿನ ಕಡೆ ಹೋಗುತ್ತಿತ್ತು. ಎಡಗೈ ಮಾತ್ರ ಕಿವಿಯ ಮಟ್ಟ ದಾಟುತ್ತಿದ್ದ ಹಾಗೆ ಹೊರಗೆ ಬಾಗಿ, ಕೊಡೆಯ ಮುರಿದ ಕಡ್ಡಿಯ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು. ನಾನು ಹೊಲಿಗೆಯವಳು. ಯಾರನ್ನು ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಹೆಗಲಿಗೆ, ತೋಳಿಗೆ. ಈ ಮನುಷ್ಯನಿಗೆ ಅಂಗಿ ಹೊಲಿಯುವುದಾದರೆ ಎಡತೋಳಿಗೆ ಬಟ್ಟೆ ಸ್ವಲ್ಪ ಹೆಚ್ಚಿಗೆ ಬಿಡಬೇಕು ಎಂದು ಮೊದಲ ದಿನವೇ ಲೆಕ್ಕ ಹಾಕಿದ್ದೆ.

ಅವರು ಹುಟ್ಟಾ ಯೋಗದವರಲ್ಲ. ಬಸವಾಪಟ್ಟಣದ ಕಡೆಯವರು, ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹೊನ್ನಾಳಿಯಿಂದ ಚನ್ನಗಿರಿ, ಆಮೇಲೆ ಕೆಲವು ವರ್ಷ ಜಗಳೂರಿನ ರೂಟು. ಒಮ್ಮೆ ಬಾಗಿಲಲ್ಲಿ ಜೋತುಬಿದ್ದು ಹೋಗುವಾಗ ಎದುರಿಗೆ ಬಂದ ಲಾರಿಗೆ ಕೈ ತಗುಲಿ ಮೂಳೆ ಮುರಿಯಿತು. ನಾಟಿ ಕಟ್ಟು ಕಟ್ಟಿಸಿದರು, ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತು. ಆ ನೋವಿಗೆಂದು ಕಲಿಯಲು ಹೋದ ಯೋಗ ಕೊನೆಗೆ ಅವರ ಬದುಕೇ ಆಯಿತು. ನಾನು ಸೇರುವ ಹೊತ್ತಿಗೆ ನಮ್ಮ ಹೊನ್ನಾಳಿಯ ಸಂತೆ ಮೈದಾನದ ಹಿಂದಿನ ಸಮುದಾಯ ಭವನದಲ್ಲಿ ಅವರ ಕೇಂದ್ರ ಎಷ್ಟೋ ವರ್ಷದಿಂದ ನಡೆದುಬಂದಿತ್ತು. ಹಿಂದಿನ ದಿನ ಅಲ್ಲಿ ನಿಶ್ಚಿತಾರ್ಥವೋ ನಾಮಕರಣವೋ ಆಗಿದ್ದರೆ ನಮ್ಮ ಪ್ರಾಣಾಯಾಮಕ್ಕೆ ಸಾರಿನ ವಾಸನೆ ಉಚಿತ.

ಕಂಡಕ್ಟರ್‌ಗಿರಿ ಬಿಟ್ಟಿದ್ದರೂ ಅದರ ಭಾಷೆಯನ್ನು ಮೇಷ್ಟ್ರು ಬಿಟ್ಟಿರಲಿಲ್ಲ. ಆಸನದಲ್ಲಿ ನಿಲ್ಲಿಸಬೇಕಾದರೆ "ಹೋಲ್ಡಾನ್" ಅನ್ನುತ್ತಿದ್ದರು. ಬಿಡಿಸಬೇಕಾದರೆ "ರೈಟ್". ಹೊಸಬರು ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತಿದ್ದರೆ ವೇದಿಕೆಯ ಮೇಲಿನಿಂದಲೇ ಕೂಗುತ್ತಿದ್ದರು. "ಒಳಗೆ ಬರ್ರಿ, ಬಾಗಿಲಾಗೆ ನಿಂದರಬ್ಯಾಡ್ರಿ. ಜಾಗ ಐತೆ."

ಯಾರಾದರೂ "ನನಗೆ ಬಗ್ಗಾಕೇ ಆಗಲ್ಲ ಮೇಷ್ಟ್ರೇ" ಎಂದರೆ ಅವರಿಗೆ ಖುಷಿ.

"ಬಗ್ಗಾಕೆ ಬರೋರು ಮನೇಲೇ ಬಗ್ತಾರೆ. ಬಗ್ಗಾಕೆ ಆಗದೋರಿಗೇ ಈ ಬಸ್ಸು ಬಿಟ್ಟಿರೋದು. ಹತ್ರಿ."

ಹಾಗೆ ಹತ್ತಿದವರು ಎಂಥೆಂಥವರು! ತಲೆ ಕೆಳಗೆ ಮಾಡಿ ನಿಲ್ಲುವ ಕಾಲೇಜಿನ ಆಟದ ಟೀಚರ್ ಇದ್ದಳು. ಚಕ್ಕಳಮಕ್ಕಳ ಹಾಕಲು ಬಾರದ ದಲ್ಲಾಳಿಗಳೊಬ್ಬರಿದ್ದರು. ಸಾಸ್ವೆಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಕೈ ನಡುಗುವ ಅಜ್ಜ ಒಬ್ಬರಿದ್ದರು. ನನ್ನ ಪಕ್ಕದ ಚಾಪೆಯಲ್ಲಿ ಬಳೆ ಅಂಗಡಿಯ ಆಪಾ. ಮಂಡಿನೋವಿಗೆಂದು ಬಂದವರು, ಮಂಡಿಗಿಂತ ಬಾಯಿಗೇ ಹೆಚ್ಚು ವ್ಯಾಯಾಮ ಕೊಡುತ್ತಿದ್ದರು. ಶವಾಸನದಲ್ಲಿ ಎಲ್ಲರೂ ಸತ್ತವರಂತೆ ಬಿದ್ದಿದ್ದಾಗ "ಏ, ನನ್ನ ಜಂಪರ್ ಆತೇನೆ?" ಎಂದು ಪಿಸುಗುಡುವುದು ಅವರೊಬ್ಬರಿಂದಲೇ ಸಾಧ್ಯ.

ಇನ್ನು ನಾನು ಅಲ್ಲಿಗೆ ಹೋದ ಕಾರಣ ಹೇಳಬೇಕು. ನನ್ನ ಎಡಗಡೆಯ ಎದೆಯಲ್ಲಿ ಗಂಟಾಗಿತ್ತು. ಶಿವಮೊಗ್ಗದಲ್ಲಿ ಆಪರೇಶನ್ ಮಾಡಿ ಆ ಎದೆಯನ್ನೂ ಕಂಕುಳ ಕೆಳಗಿನ ಗಂಟುಗಳನ್ನೂ ತೆಗೆದರು. ಊರಿಗೆ ನಾವು ಹೇಳಿದ್ದು ಗರ್ಭಕೋಶದ ಆಪರೇಶನ್ ಎಂದು. ನಮ್ಮ ಕಡೆ ಗರ್ಭಕೋಶ ತೆಗೆಸಿದೆ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಉದುರಿದ ಕೂದಲಿಗೆ ಮುಡಿ ಕೊಟ್ಟೆ ಎಂದೆ. ನಿಜ ಗೊತ್ತಿದ್ದದ್ದು ನನ್ನ ಗಂಡನಿಗೆ ಮತ್ತು ಶಿವಮೊಗ್ಗದ ನನ್ನ ತಂಗಿಗೆ.

ಯಾಕೆ ಇಷ್ಟು ಮುಚ್ಚುಮರೆ ಎಂದು ಕೇಳಬಹುದು. ನಾನು ಜಂಪರ್ ಹೊಲಿಯುವವಳು. ಅರ್ಧ ಊರಿನ ಹೆಂಗಸರ ಎದೆಯ ಸುತ್ತಳತೆ ನನ್ನ ತಲೆಯಲ್ಲಿದೆ. ಟೇಪು ಹಿಡಿದು ಅವರ ಮುಂದೆ ನಿಂತಾಗ ಅವರ ಕಣ್ಣು ನನ್ನ ಎದೆಯ ಮೇಲೆ ನಿಲ್ಲುವುದು, ತಕ್ಷಣ ಬೇರೆ ಕಡೆ ತಿರುಗುವುದು, ಹೊರಗೆ ಹೋಗಿ "ಪಾಪ" ಅನ್ನುವುದು, ಇದೆಲ್ಲ ನನಗೆ ಬೇಡವಾಗಿತ್ತು. ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಜಗಳಗಂಟಿ ಅನ್ನಿಸಿಕೊಳ್ಳುವುದೇ ವಾಸಿ ಎನ್ನುವವಳು ನಾನು, ಆ ಹೆಸರು ಹೇಗೂ ಇತ್ತು. ಒಳಗೆ ಹತ್ತಿಯ ದಿಂಬಿಟ್ಟು ನನ್ನ ಜಂಪರ್ ನಾನೇ ಹೊಲಿದುಕೊಂಡೆ. ಎಷ್ಟು ಚೆನ್ನಾಗಿ ಹೊಲಿದೆ ಎಂದರೆ ಆಪಾ ಅದೇ ಮಾದರಿ ತಮಗೂ ಬೇಕು ಎಂದು ಹಟ ಹಿಡಿದರು.

ದಿಂಬಿನಿಂದ ಎದೆ ಮುಚ್ಚಬಹುದು, ಕೈಯನ್ನು ಮುಚ್ಚಲು ಬರುವುದಿಲ್ಲ. ನನ್ನ ಎಡಗೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ದಿನಾ ಎತ್ತಿ ಇಳಿಸದಿದ್ದರೆ ಬಾತುಕೊಳ್ಳುತ್ತದೆ, ಆಮೇಲೆ ಮೆಷಿನ್ ಮೇಲೆ ಬಟ್ಟೆ ಹಿಡಿಯುವುದೂ ಕಷ್ಟ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದರು. ಮನೆಯಲ್ಲಿ ಮಾಡಲು ಕೂತರೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹಾಗಾಗಿ ಯೋಗಕ್ಕೆ ಸೇರಿದೆ. ಮೊದಲ ದಿನ ನನಗೆ ಒಂದೇ ಚಿಂತೆ, ಎಲ್ಲರೂ ಕೈ ನೆಟ್ಟಗೆ ಎತ್ತಿದಾಗ ನನ್ನದೊಂದು ಕೆಳಗೆ ಉಳಿದರೆ ಏನು ಹೇಳುವುದು ಎಂದು.

ತಾಡಾಸನ. "ನನ್ನ ನೋಡ್ರಿ, ನಾನ್ ಮಾಡ್ದಂಗೆ ಮಾಡ್ರಿ" ಎಂದು ಮೇಷ್ಟ್ರು ಕೈ ಎತ್ತಿದರು. ನಾನು ಅರ್ಧಂಬರ್ಧ ಎತ್ತಿ ಅಕ್ಕಪಕ್ಕ ಕಳ್ಳನೋಟ ನೋಡಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇಡೀ ಹಾಲ್‌ನಲ್ಲಿ ಒಬ್ಬರ ಎಡಗೈಯೂ ನೆಟ್ಟಗಿರಲಿಲ್ಲ. ಆಪಾ, ದಲ್ಲಾಳಿಗಳು, ಕಡೆಗೆ ಆ ಆಟದ ಟೀಚರ್ ಕೂಡ ಬಲಗೈ ನೆಟ್ಟಗೆ ಮಾಡಿ ಎಡಗೈಯನ್ನು ಮೇಷ್ಟ್ರ ಹಾಗೇ ಸೊಟ್ಟಗೆ ಹಿಡಿದು ನಿಂತಿದ್ದರು. ಮೇಷ್ಟ್ರ ಕೈ ಮುರಿದ ಕಥೆ ಹಳಬರಿಗೆ ಮರೆತುಹೋಗಿತ್ತು, ಹೊಸಬರಿಗೆ ಗೊತ್ತಿರಲಿಲ್ಲ. ಆಸನವೇ ಹಾಗೆ ಎಂದು ಎಲ್ಲರೂ ತಿಳಿದಿದ್ದರು. ತಾಡಾಸನದಲ್ಲಿ ಮೇಷ್ಟ್ರು ಸೂರು ನೋಡುತ್ತಾ ನಿಲ್ಲುವವರಾದ್ದರಿಂದ ಅವರಿಗೂ ಇದು ಕಂಡಿರಲಿಲ್ಲ. ಆ ಸೊಟ್ಟ ಕೈಗಳ ನಡುವೆ ನನ್ನ ಕೈ ಸ್ವಲ್ಪ ಹೆಚ್ಚು ಸೊಟ್ಟ, ಅಷ್ಟೆ. ಅವತ್ತು ಮನೆಗೆ ಬಂದು ಗಂಡನ ಮುಂದೆ ಹೊಟ್ಟೆ ತುಂಬ ನಕ್ಕೆ, ಆಪರೇಶನ್ ಆದ ಮೇಲೆ ಮೊದಲ ಸಲ.

ಎರಡು ವರ್ಷ ಹಾಗೇ ಸುಖವಾಗಿ ನಡೆಯಿತು. ಆಮೇಲೆ ಚನ್ನಗಿರಿಯಲ್ಲಿ ಸುತ್ತಲ ಊರಿನ ಯೋಗ ಕೇಂದ್ರದವರೆಲ್ಲ ಸೇರಿ ಒಂದು ದಿನದ ಶಿಬಿರ ಮಾಡಿದರು. ನ್ಯಾಮತಿಯವರು, ಜಗಳೂರಿನವರು, ನಾವು. ನಾವು ಬಸ್ ಮಾಡಿಕೊಂಡು ಹೋದೆವು. ಮೇಷ್ಟ್ರು ಸೀಟಿದ್ದರೂ ಕೂರದೆ ಬಾಗಿಲಲ್ಲೇ ನಿಂತು ಬಂದರು. ಬಿಳಿ ಬಟ್ಟೆ ಇಸ್ತ್ರಿ ಮಾಡಿಸಿದ್ದರು, ನಮ್ಮ ಸಾಲು ಮುಂದೆಯೇ ಇರಬೇಕು ಎಂದು ಬೇಗ ಹೊರಡಿಸಿದ್ದರು.

ವೇದಿಕೆಯ ಮೇಲೆ ಮೈಕು ಹಿಡಿದಿದ್ದ ಶಿಕ್ಷಕ ಹುಡುಗುವಯಸ್ಸಿನವನು, ಬೇರೆ ಊರಿನವನು. ತಾಡಾಸನ ಮಾಡಿಸಿ ಎಲ್ಲರ ಕಡೆ ಕಣ್ಣಾಡಿಸಿದವನು ನಮ್ಮ ಸಾಲಿಗೆ ಬಂದು ನಿಂತ.

"ಹೊನ್ನಾಳಿಯವರು ಏನ್ರೀ, ಎಲ್ಲಾರೂ ಎಡಗೈ ಮಡಚೀರಿ? ನಿಮ್ಮೂರಾಗೆ ಇದೇ ಬೇರೆ ಆಸನ ಐತೇನು?"

ಇಡೀ ಮೈದಾನ ನಕ್ಕಿತು. ಅವನದು ಕೆಟ್ಟ ಮನಸ್ಸಲ್ಲ, ತಮಾಷೆಗೆ ಅಂದದ್ದು. ಮುಂದೆ ನಿಂತಿದ್ದ ಮೇಷ್ಟ್ರು ತಿರುಗಿ ನಮ್ಮನ್ನು ನೋಡಿದರು. ಸಾಲು ಸಾಲು ಎಡಗೈ, ಒಂದೊಂದೂ ಅವರ ಕೈಯೇ. ಅವರು ತಮ್ಮ ಎಡಗೈಯನ್ನು ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಇಟ್ಟುಕೊಂಡರು. ವಾಪಸ್ ಬರುವಾಗ ಬಾಗಿಲಲ್ಲಿ ನಿಲ್ಲಲಿಲ್ಲ. ಕೊನೆಯ ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತರು. ಆಪಾ ಹೋಗಿ "ಅರೆ, ಬಿಡ್ರಿ ಮೇಷ್ಟ್ರೇ, ಅವನಿಗೇನ್ ಗೊತ್ತು" ಎಂದರು.

"ಅವನಿಗೆ ಗೊತ್ತೈತಮ್ಮ. ನನಗೇ ಗೊತ್ತಾಗ್ಲಿಲ್ಲ. ನನ್ನ ಸೊಟ್ಟ ನಿಮಗೆಲ್ಲ ಅಂಟಿಸಿಬಿಟ್ಟೆ" ಎಂದರು ಮೇಷ್ಟ್ರು.

ಮರುದಿನದಿಂದ ಅವರು ವೇದಿಕೆ ಹತ್ತಲಿಲ್ಲ. ಆಟದ ಟೀಚರನ್ನು ಮುಂದೆ ನಿಲ್ಲಿಸಿ, "ಈಕೆಯನ್ನ ನೋಡ್ರಿ" ಎಂದರು. ಆಟದ ಟೀಚರ್ ಹಟದ ಹೆಣ್ಣು, ಒಂದೇ ರಾತ್ರಿಯಲ್ಲಿ ಕೈ ತಿದ್ದಿಕೊಂಡು ಬಂದಿದ್ದಳು. ಮೇಷ್ಟ್ರು ಸಾಲುಗಳ ನಡುವೆ ಓಡಾಡುತ್ತಾ ಗಂಡಸರಲ್ಲಿ ಒಬ್ಬೊಬ್ಬರ ಎಡಗೈ ಹಿಡಿದು ಮೇಲಕ್ಕೆ ತಂದರು. ಒಂದು ವಾರಕ್ಕೆಲ್ಲ ಹಾಲ್ ತುಂಬ ಕೈಗಳು ನೆಟ್ಟಗಾದವು. ಹೆಂಗಸರ ಸಾಲಿಗೆ ಅವರು ಕೈ ಹಾಕುತ್ತಿರಲಿಲ್ಲ, ಬಾಯಲ್ಲೇ ಹೇಳುತ್ತಿದ್ದರು. ನಾನು ಕಂಬದ ಮರೆ ಹುಡುಕಿಕೊಂಡು ನಿಂತೆ. ಕಂಬ ಎಷ್ಟು ದಿನ ಮರೆ ಕೊಟ್ಟೀತು?

"ಕಂಬದ ಹತ್ರ ಇರೋ ತಂಗಿ, ಎಡಗೈ ಇನ್ನೂ ಮೇಲಕ್ಕೆ ಬರ್ಲಿ" ಎಂದರು ಮೇಷ್ಟ್ರು. ನಾನು ಅಲುಗಲಿಲ್ಲ. ಆಟದ ಟೀಚರ್ ಒಳ್ಳೆಯದನ್ನೇ ಮಾಡಲು ಕೆಳಗಿಳಿದು ಬಂದು, ನನ್ನ ಮಣಿಕಟ್ಟು ಹಿಡಿದು ಮೇಲಕ್ಕೆ ಎಳೆದಳು. ಕಂಕುಳಿಂದ ಸೊಂಟದವರೆಗೆ ಬೆಂಕಿ ಹರಿದ ಹಾಗಾಯಿತು.

"ಬಿಡೇ ಕೈ" ಎಂದು ಅರಚಿದೆ.

ಎಲ್ಲರೂ ತಿರುಗಿ ನೋಡಿದರು. ಎಲ್ಲರ ಕೈಯೂ ನೆಟ್ಟಗಿತ್ತು, ನನ್ನದು ಬಿಟ್ಟು. ಚಾಪೆ ಸುತ್ತಿಕೊಂಡು ಹೊರಗೆ ಬಂದೆ. ಚಪ್ಪಲಿ ಬೇರೆಯವರದು ಹಾಕಿಕೊಂಡು ಬಂದಿದ್ದೇನೆ ಎಂದು ಮನೆ ಮುಟ್ಟಿದ ಮೇಲೆ ಗೊತ್ತಾಯಿತು.

ಆಮೇಲೆ ಹೋಗಲಿಲ್ಲ. ಆಪಾ ಕೇಳಿದಾಗ ಲಗ್ನದ ಸೀಸನ್, ಕೆಲಸ ಜಾಸ್ತಿ ಎಂದೆ. ಒಂದು ತಿಂಗಳಿಗೆ ಕೈ ಬಾತುಕೊಳ್ಳಲು ಶುರುವಾಯಿತು. ಬಳೆ ಒಳಗೆ ಹೋಗದಷ್ಟು, ಬೆರಳು ಮಡಚಿದರೆ ಬಿಗಿದುಕೊಳ್ಳುವಷ್ಟು. ಕೈ ಹೋದರೆ ಅಂಗಡಿ ಹೋಯಿತು. ಅಲ್ಲಿಗೆ ಮತ್ತೆ ಹೋದರೆ ಗುಟ್ಟು ಹೋಯಿತು. ಇದರ ನಡುವೆ ಸಿಕ್ಕಿಕೊಂಡು ಗಂಡನ ಮೇಲೆ ಹರಿಹಾಯುತ್ತಾ ಕೂತಿದ್ದೆ.

ಒಂದು ಮಧ್ಯಾಹ್ನ ಮೇಷ್ಟ್ರು ಅಂಗಡಿಗೆ ಬಂದರು. ಕೈಯಲ್ಲಿ ಜೇಬು ಹರಿದ ಒಂದು ಜುಬ್ಬ.

"ಇದಕ್ಕೊಂದು ಹೊಲಿಗೆ ಹಾಕಮ್ಮ."

"ನಾನು ಗಂಡಸರ ಬಟ್ಟೆ ಹೊಲಿಯಲ್ಲ ಮೇಷ್ಟ್ರೇ."

"ಗೊತ್ತೈತೆ" ಎಂದು ಹೇಳಿ ಸ್ಟೂಲ್ ಎಳೆದುಕೊಂಡು ಕೂತರು. ಜುಬ್ಬ ಮಡಚಿ ತೊಡೆಯ ಮೇಲಿಟ್ಟುಕೊಂಡರು. "ನನಗೆ ಒಂದು ಕೆಟ್ಟ ಚಟ ತಂಗಿ. ಬಸ್ಸಿನಾಗೆ ಯಾರಾದ್ರೂ ಸ್ಟಾಪ್ ಬರಾಕೆ ಮುಂಚೆ ಇಳಿದ್ರೆ, ಯಾಕೆ ಇಳಿದ್ರು ಅಂತ ಊರು ಮುಟ್ಟೋವರೆಗೂ ತಲೇಲಿ ಕೊರೀತೈತೆ. ನೀನ್ಯಾಕ್ ಇಳಿದೆ?"

ಅವರನ್ನು ಬೈದು ಕಳಿಸಬೇಕೆಂದಿದ್ದೆ. ಬೈಯಲು ಬಾಯಿ ತೆಗೆದವಳು ಎಲ್ಲವನ್ನೂ ಹೇಳಿಬಿಟ್ಟೆ. ಗಂಟು, ಶಿವಮೊಗ್ಗ, ದಿಂಬು, ಅವರ ಸೊಟ್ಟ ಕೈ ನನಗೆ ಎರಡು ವರ್ಷ ಕೊಟ್ಟ ನೆಮ್ಮದಿ, ಎಲ್ಲ. ಅವರು ನನ್ನ ಎದೆಯ ಕಡೆ ನೋಡಲಿಲ್ಲ, ನೋಡದಿರಲು ಕಷ್ಟವನ್ನೂ ಪಡಲಿಲ್ಲ. ಪಾಪ ಅನ್ನಲಿಲ್ಲ. ಎದ್ದು ನಿಂತರು.

"ಎಷ್ಟು ಏಳ್ತೈತೆ, ತೋರ್ಸು."

ಎತ್ತಿದೆ. ಹೆಗಲಿಗಿಂತ ಕೆಳಗೇ ನಿಂತಿತು. ಅವರೂ ಪಕ್ಕದಲ್ಲಿ ನಿಂತು ತಮ್ಮ ಎಡಗೈ ಎತ್ತಿದರು. ಅಳೆಯುವ ಹಾಗೆ ಒಂದು ಸಲ ಅದನ್ನು, ಒಂದು ಸಲ ಇದನ್ನು ನೋಡಿದರು.

"ನಂದು ನಿಂದಕ್ಕಿಂತ ಒಂದು ಗೇಣು ಮ್ಯಾಲೆ ಐತೆ" ಎಂದರು, ಪಂದ್ಯ ಗೆದ್ದವರ ಧಾಟಿಯಲ್ಲಿ. ನನಗೆ ಅಳುವಿನ ನಡುವೆಯೇ ನಗು ಬಂತು. "ನಾಳೆ ಬಾ" ಎಂದರು.

"ಎಲ್ಲರೂ ನೋಡ್ತಾರೆ ಮೇಷ್ಟ್ರೇ."

"ಯಾರೂ ನೋಡಲ್ಲ, ಬಾ. ಅದು ನನಗೆ ಬಿಡು."

ಮಾರನೆಯ ಬೆಳಿಗ್ಗೆ ಹೋಗಬಾರದು ಎಂದುಕೊಂಡೇ ಹೋದೆ. ಕಂಬದ ಹತ್ತಿರ ಚಾಪೆ ಹಾಕಿದೆ. ಮೇಷ್ಟ್ರು ಎಲ್ಲರ ಮುಂದೆ ಬಂದು ನಿಂತರು.

"ಇಷ್ಟು ವರ್ಷ ನನ್ನ ನೋಡ್ರಿ, ನನ್ನ ನೋಡ್ರಿ ಅಂದು ನಿಮ್ಮನ್ನ ಕೆಡಿಸಿದೆ. ಇನ್ನ ಯಾರೂ ಯಾರನ್ನೂ ನೋಡಂಗಿಲ್ಲ. ನಿಂತು ಮಾಡೋ ಆಸನ ಅಷ್ಟೂ ಕಣ್ಣು ಮುಚ್ಚಿಕೊಂಡು ಮಾಡ್ರಿ. ನಿಮ್ಮ ಕೈ ಎಲ್ಲೈತೆ ಅನ್ನೋದು ನಿಮ್ಮ ಕೈಗೆ ಗೊತ್ತಾಗ್ಲಿ."

ಆಹಾ, ಅವತ್ತಿನ ಫಜೀತಿ! ಕಣ್ಣು ತೆರೆದು ವೃಕ್ಷಾಸನದಲ್ಲಿ ಕಲ್ಲಿನ ಹಾಗೆ ನಿಲ್ಲುತ್ತಿದ್ದವರು ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತ ಕೂಡಲೇ ಧಬಧಬ ಬಿದ್ದರು. ಮೊದಲು ಬಿದ್ದದ್ದು ಆಟದ ಟೀಚರೇ. ದಲ್ಲಾಳಿಗಳು ಅಜ್ಜನ ಮೇಲೆ ವಾಲಿದರು. ಅಜ್ಜ ಬೀಳಲೇ ಇಲ್ಲ, ಅವರು ಮೊದಲಿನಿಂದಲೂ ಗೋಡೆ ಹಿಡಿದೇ ಮಾಡುವವರು. "ಕಣ್ಣು ಮುಚ್ಚಿದ್ರೆ ನನಗೆ ನಿದ್ದೆ ಬರ್ತೈತ್ರೀ" ಎಂದು ಆಪಾ ಗೊಣಗಿದರು. ವರ್ಷಗಟ್ಟಲೆ ಕಲಿತವರೂ ನಿನ್ನೆ ಬಂದವರೂ ಅವತ್ತು ಒಂದೇ ಆದರು.

ಕೆಲವರಿಗೆ ಇದು ಸರಿಬರಲಿಲ್ಲ. ಇದೇನು ಯೋಗವೋ ಕಣ್ಣಾಮುಚ್ಚಾಲೆಯೋ ಎಂದು ಬಿಟ್ಟುಹೋದರು. ಪೇಟೆಯಲ್ಲಿ ನಗುವವರೂ ಇದ್ದರು. ಮೇಷ್ಟ್ರು ಯಾರಿಗೂ ಕಾರಣ ಬಿಡಿಸಿ ಹೇಳಲಿಲ್ಲ. ಹೋದವರಿಗಿಂತ ಹೆಚ್ಚು ಜನ ಹೊಸಬರು ಬಂದರು. ತುಂಬ ದಪ್ಪಗಿದ್ದೇನೆ ಎಂದು ಮನೆ ಬಿಟ್ಟು ಹೊರಡದವರು, ಪೋಲಿಯೋದಿಂದ ಒಂದು ಕಾಲು ಸಣ್ಣಗಾದವರು, ಗಂಡಸರಿರುತ್ತಾರೆ ಎಂದು ಹಿಂಜರಿಯುತ್ತಿದ್ದ ಆಪಾಳ ಸೊಸೆ. ಅಲ್ಲಿ ಯಾರೂ ನೋಡುವುದಿಲ್ಲವಂತೆ ಎಂಬ ಸುದ್ದಿಗೇ ಬಂದವರು.

ನೋಡುತ್ತಿದ್ದವರು ಮೇಷ್ಟ್ರು ಒಬ್ಬರೇ. ಬರಿಗಾಲಲ್ಲಿ ಸಾಲುಗಳ ನಡುವೆ ಓಡಾಡುತ್ತಿದ್ದರು. ಅವರ ಹೆಜ್ಜೆ ನನ್ನ ಹಿಂದೆ ಬಂದು ನಿಂತದ್ದು ಕಣ್ಣು ಮುಚ್ಚಿದ್ದರೂ ತಿಳಿಯುತ್ತಿತ್ತು. ಒಂದು ಕ್ಷಣ ಬಿಟ್ಟು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಇವತ್ತು ಎರಡು ಬೆರಳು ಜಾಸ್ತಿ" ಅನ್ನುತ್ತಿದ್ದರು. ಕೆಲವು ದಿನ "ಇವತ್ತು ಸೋಮಾರಿ" ಎಂದು ಗದರಿ ಹೋಗುತ್ತಿದ್ದರು. ನಾನು ಹಲ್ಲು ಕಚ್ಚಿ ಇನ್ನೊಂದು ಚೂರು ಎತ್ತುತ್ತಿದ್ದೆ. ಬಾವು ಇಳಿಯಿತು. ಕೈ ಹೆಗಲು ದಾಟಿತು, ಗಲ್ಲ ದಾಟಿತು. ಒಂದು ದಿನ ಕಿವಿಯ ಮಟ್ಟಕ್ಕೆ ಬಂತು, ಅವರ ಕೈಯ ಮಟ್ಟಕ್ಕೆ. ಅವತ್ತು ಅವರು ನನ್ನ ಹಿಂದೆ ಯಾವತ್ತಿಗಿಂತ ಜಾಸ್ತಿ ಹೊತ್ತು ನಿಂತಿದ್ದರು. ನನ್ನ ವಿಷಯ ಅವರ ಮನೆಯವರಿಗೂ ಹೇಳಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

ಒಂದು ಸಲ ನಾನೇ ಕೇಳಿದ್ದೆ. "ಮೇಷ್ಟ್ರೇ, ನಾನು ಎಲ್ಲರಿಗೂ ಹೇಳಿಬಿಡಬೇಕೇನು?"

"ಹೇಳಬೇಕು ಅನ್ಸಿದ್ರೆ ಹೇಳು, ಇಲ್ಲಾಂದ್ರೆ ಬಿಡು. ಟಿಕೆಟ್ ತಗೊಂಡೋರನ್ನ ಯಾಕೆ ಹೊಂಟೀರಿ ಅಂತ ನಾನು ಯಾವತ್ತೂ ಕೇಳಿದೋನಲ್ಲ" ಎಂದರು. ಜುಬ್ಬದ ಜೇಬು ಅವರು ಕೊನೆಗೂ ನನ್ನ ಹತ್ತಿರ ಹೊಲಿಸಿಕೊಳ್ಳಲಿಲ್ಲ, ಹೆಂಡತಿಯ ಹತ್ತಿರವೇ ಹೊಲಿಸಿಕೊಂಡರು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಎದೆನೋವು ಬಂತು. ದಾವಣಗೆರೆಗೆ ಕರೆದುಕೊಂಡು ಹೋದರು, ಎರಡು ದಿನ ಇದ್ದರು, ಅಷ್ಟೇ. ಬಸವಾಪಟ್ಟಣದಲ್ಲಿ ಮಣ್ಣು ಮಾಡಿದರು. ನಾವೆಲ್ಲ ಹೋಗಿದ್ದೆವು. ಕೂರಿಸಿದ್ದ ಅವರ ಮೈಮೇಲೆ ಯಾರೋ ಹೊಸ ಜುಬ್ಬ ತೊಡಿಸಿದ್ದರು, ಎಡತೋಳು ಬಿಗಿಯಾಗಿತ್ತು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಬದುಕಿದ್ದಾಗ ಅವರಿಗೊಂದು ಸರಿಯಾದ ಅಂಗಿ ಹೊಲಿದುಕೊಡಲಿಲ್ಲವಲ್ಲ ಎಂದು ಆಪಾಳ ಹೆಗಲ ಮೇಲೆ ತಲೆಯಿಟ್ಟು ಅತ್ತೆ.

ಮೂರು ದಿನ ಬಿಟ್ಟು ಹಾಲ್ ಬಾಗಿಲು ತೆರೆಯಿತು. ಆಟದ ಟೀಚರ್ ಮುಂದೆ ನಿಂತಳು. ಮೇಷ್ಟ್ರ ಬಗ್ಗೆ ಏನೋ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟು, "ಶುರು ಮಾಡೋಣ, ಕಣ್ಣು ಮುಚ್ಚಿರಿ" ಎಂದಳು. ತಾಡಾಸನ. ಕೈ ಎತ್ತಿದೆ. ಹಿಂದಿನಿಂದ ಹೆಜ್ಜೆ ಬರಲಿ ಎಂದು ಕಾದೆ. ಬರುವುದಿಲ್ಲ ಎಂದು ಗೊತ್ತಿದ್ದೂ ಕಾದೆ. ಯಾರ ಕಣ್ಣಿಗೂ ಬೀಳಬಾರದು ಎಂದು ಈ ಹಾಲ್‌ಗೆ ಬಂದವಳು ನಾನು. ಈಗ ನನ್ನ ಕೈಯನ್ನು ನೋಡುವವರು ಈ ಊರಿನಲ್ಲಿ ಒಬ್ಬರೂ ಇಲ್ಲ ಎನ್ನುವುದು ಸಹಿಸಲಾಗಲಿಲ್ಲ.

ಕಣ್ಣು ತೆರೆದೆ. ತಾಡಾಸನದ ನಡುವೆ, ಅಷ್ಟು ವರ್ಷದಲ್ಲಿ ಮೊದಲ ಸಲ. ಸಾಸ್ವೆಹಳ್ಳಿಯ ಅಜ್ಜನ ಕೈಗಳು ಎದೆಯ ಮಟ್ಟದಲ್ಲಿ ನಡುಗುತ್ತಿದ್ದವು. ದಲ್ಲಾಳಿಗಳದು ಒಂದು ಮುಂದೆ, ಒಂದು ಹಿಂದೆ. ಯಾರದೋ ಬಲಗೈ ಅರ್ಧಕ್ಕೇ ನಿಂತಿತ್ತು. ಒಬ್ಬರ ಹಾಗೆ ಇನ್ನೊಬ್ಬರು ಇರಲಿಲ್ಲ. ಮುಚ್ಚಿದ ಕಣ್ಣುಗಳಿಂದ ಸುಮಾರು ಜನರ ಕೆನ್ನೆಯ ಮೇಲೆ ನೀರು ಇಳಿದಿತ್ತು. ಇದನ್ನೆಲ್ಲ ಅವರು ದಿನಾ ಒಬ್ಬರೇ ನೋಡುತ್ತಿದ್ದರು.

ಪಕ್ಕಕ್ಕೆ ತಿರುಗಿದರೆ ಆಪಾ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನನ್ನ ಮುಖವನ್ನಲ್ಲ, ಎಡಗೈಯನ್ನು.

"ಅಷ್ಟೇನೇನೆ ಅದು ಏಳೋದು?" ಎಂದು ಪಿಸುಗುಟ್ಟಿದರು.

"ಅಷ್ಟೇ ಆಪಾ."

"ಯಾಕೆ? ಏನಾಗೈತೆ?"

ಆಪಾಗೆ ಹೇಳಿದರೆ ಪೇಟೆಗೆ ಹೇಳಿದ ಹಾಗೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಕ್ಯಾನ್ಸರ್ ಆಗಿತ್ತು. ಎಡಗಡೆ ಎದೆ ತೆಗ್ದಾರೆ. ಗರ್ಭಕೋಶ ಅಂದಿದ್ದು ಸುಳ್ಳು" ಎಂದೆ.

ಪಿಸುಗುಡಲಿಲ್ಲ. ಅಂಗಡಿಯಲ್ಲಿ ಅಳತೆ ಹೇಳುವ ದನಿಯಲ್ಲೇ ಹೇಳಿದೆ. ಮುಂದಿನ ಸಾಲಿನಲ್ಲಿ ಒಂದಿಬ್ಬರು ಕಣ್ಣು ತೆರೆದು ಹಿಂದಕ್ಕೆ ತಿರುಗಿದರು. ಆಮೇಲೆ ಇನ್ನೂ ಕೆಲವರು. ನೋಡಲಿ ಎಂದು ನಿಂತೆ, ಕೈ ಇಳಿಸಲಿಲ್ಲ.